ಜೀವಕೋಶದೊಳಗಿನ ಹನಿಗಳೂ ಅವನ್ನು ಕಟ್ಟುವ ಸಾರುವೆ ಪ್ರೋಟೀನುಗಳೂ

ಬೆಳೆಯ ಇಳುವರಿಯು ಯಾವ ಯಾವ ಕಾರಣಗಳಿಂದ ಹೆಚ್ಚು ಕಡಮೆಯಾಗುವುದೆಂದು ಕೇಳಿದರೆ ಭೂಮಿಯ ಗುಣ, ಗೊಬ್ಬರ, ನೀರು, ಬಿತ್ತನೆಯ ಬೀಜ, ಹದವರಿತ ಉಳುಮೆ ಇವುಗಳನ್ನು ಎಲ್ಲರೂ ಎಣಿಸಿ ಹೇಳುವರು. ಇವು ಯಾವುವೂ ಸುಳ್ಳಲ್ಲ. ಆದರೆ ಇಷ್ಟನ್ನೂ ಕೊರತೆಯಿಲ್ಲದೆ ಒದಗಿಸಿದ ಮೇಲೆಯೂ ಬತ್ತದ ಪೈರು ಗಾಳಿಯಿಂದ ತಾನು ಸಂಪಾದಿಸಿದ ಇಂಗಾಲದಲ್ಲಿ ಒಂದು ದೊಡ್ಡ ಪಾಲನ್ನು ಕಾಳಿಗೆ ಸೇರಿಸಲಾರದೆ ಮರಳಿ ಗಾಳಿಗೇ ಬಿಟ್ಟುಕೊಡುತ್ತದೆ. ಈ ನಷ್ಟದ ಮೂಲವು ಹೊಲದಲ್ಲಿಲ್ಲ. ಎಲೆಯ ಜೀವಕೋಶದೊಳಗೆ ಇದೆ. ಕುಂಟೆಯ ನೀರಿನಲ್ಲಿಯೂ ತೇವದ ಮಣ್ಣಿನಲ್ಲಿಯೂ ಬೆಳೆಯುವ ಒಂದು ಅಲ್ಪವಾದ ಹಸುರು ಪಾಚಿಯು ಇದೇ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಿಕೊಂಡು ಬಾಳುತ್ತಿರುವುದು. ಅದು ಹೇಗೆ ತಪ್ಪಿಸಿಕೊಂಡಿತೆಂಬುದನ್ನು ಶಾಸ್ತ್ರಜ್ಞರು 2016ರಿಂದೀಚೆಗೆ ಒಂದೊಂದಾಗಿ ಬಿಡಿಸಿ ನೋಡಿರುವರು. ಅದರ ಗುಟ್ಟು ಒಂದು ಹನಿಯಲ್ಲಿಯೂ, ಆ ಹನಿಯನ್ನು ಕಟ್ಟಿ ನಿಲ್ಲಿಸುವ ಒಂದು ಪ್ರೋಟೀನಿನಲ್ಲಿಯೂ ಅಡಗಿರುವುದಾಗಿ ತಿಳಿದುಬಂದಿದೆ.

ಕಣ್ಣಿಗೆ ಕಾಣದ ವಸ್ತುಗಳನ್ನು ಕುರಿತ ಸಂಗತಿಯಾದುದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕಾಗುವುದು. ಆದರೆ ಇದರಲ್ಲಿ ಬರುವ ನ್ಯಾಯವು ಇಬ್ಬನಿ, ಎಣ್ಣೆ, ದನದ ದಾವಣಿ ಮೊದಲಾದ ನಿತ್ಯದ ವಸ್ತುಗಳಲ್ಲಿ ಕಾಣುವ ನ್ಯಾಯವೇ ಆಗಿರುವುದರಿಂದ ಯಾರೂ ಹಿಂಜರಿಯಬೇಕಾದ್ದಿಲ್ಲ.

ಗೋಡೆಯಿಲ್ಲದ ಕೋಣೆಗಳು

ಗಿಡವಾಗಲಿ, ದನವಾಗಲಿ, ಮನುಷ್ಯನಾಗಲಿ ಜೀವಕೋಶಗಳೆಂಬ ಅತಿ ಸಣ್ಣ ಗೂಡುಗಳಿಂದ ಆದದ್ದು. ಒಂದೊಂದು ಜೀವಕೋಶವೂ ಜನ ತುಂಬಿದ ಮನೆಯಂತೆ ಇರುವುದು. ಮನೆಯಲ್ಲಿ ಅಡಿಗೆಮನೆ, ಉಗ್ರಾಣ, ಕೊಟ್ಟಿಗೆ ಎಂದು ವಿಂಗಡಣೆಯಿರುವಂತೆ ಕೋಶದಲ್ಲಿಯೂ ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಸ್ಥಳಗಳುಂಟು. ಇವುಗಳಲ್ಲಿ ಅನೇಕವು ತೆಳುವಾದ ಪೊರೆಯ ಗೋಡೆಯನ್ನು ಹೊಂದಿವೆ. ಎಲೆಗೆ ಹಸುರು ಬಣ್ಣವನ್ನು ಕೊಟ್ಟು ಬಿಸಿಲನ್ನು ಹಿಡಿಯತಕ್ಕ ಹರಿತ್ಕಣವು ಇಂಥ ಗೋಡೆಯುಳ್ಳ ಕೋಣೆ. ಇವಲ್ಲದೆ, ಸುತ್ತಲೂ ಯಾವ ಪೊರೆಯೂ ಇಲ್ಲದೆ, ಆದರೂ ತಮ್ಮ ಸಾಮಗ್ರಿಗಳನ್ನು ಚೆದರಗೊಡದೆ ಒಟ್ಟಾಗಿ ಇಟ್ಟುಕೊಂಡಿರುವ ಸ್ಥಳಗಳೂ ಕೋಶದಲ್ಲಿ ಹಲವು ಇವೆ. ಗೋಡೆಯಿಲ್ಲದ ಉಗ್ರಾಣದಲ್ಲಿ ಧಾನ್ಯವು ನಿಲ್ಲುವುದು ಹೇಗೆ ಎಂಬ ಪ್ರಶ್ನೆಯು ಇಲ್ಲಿ ಸಹಜವಾಗಿಯೇ ಏಳುವುದು.

ಜೀವರಸವು ಒಂದೇ ತೆರನಾದ ದ್ರವವಲ್ಲವೆಂದೂ, ಒಂದು ದ್ರವದಲ್ಲಿ ಮತ್ತೊಂದು ದ್ರವದ ಹನಿಗಳು ತೇಲುತ್ತಿರುವ ಮಿಶ್ರಣವೆಂದೂ ಅಮೆರಿಕಾದ ಇ. ಬಿ. ವಿಲ್ಸನ್ ಎಂಬ ಪ್ರಾಣಿಶಾಸ್ತ್ರಜ್ಞನು 1899ರಲ್ಲಿಯೇ ಬರೆದಿದ್ದನು. ಆಗ ಆ ಮಾತನ್ನು ಪರೀಕ್ಷಿಸಿ ನಿರ್ಧರಿಸುವುದಕ್ಕೆ ತಕ್ಕ ಸಾಧನಗಳಿರಲಿಲ್ಲ. ನೂರು ವರ್ಷಗಳಿಗೂ ಮೇಲೆ, 2009ರಲ್ಲಿ, ಜರ್ಮನಿಯ ಡ್ರೆಸ್ಡೆನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದ ಕ್ಲಿಫರ್ಡ್ ಬ್ರಾಂಗ್ವಿನ್, ಆಂಟನಿ ಹೈಮನ್ ಮತ್ತು ಅವರ ಸಂಗಡಿಗರು ಒಂದು ಮಿಲಿಮೀಟರು ಉದ್ದದ ಸಣ್ಣ ಹುಳುವೊಂದರ ಭ್ರೂಣವನ್ನು ಸೂಕ್ಷ್ಮದರ್ಶಕ ಯಂತ್ರದಲ್ಲಿ ನೋಡುತ್ತ, ಅದರೊಳಗಿನ ಕೆಲವು ಕಣಗಳು ಗಟ್ಟಿಯಾದ ಕಣಗಳಲ್ಲವೆಂದು ಕಂಡರು. ಎರಡು ಕಣಗಳು ಒಂದನ್ನೊಂದು ಮುಟ್ಟಿದರೆ ಕೂಡಿ ಒಂದೇ ಆಗುತ್ತಿದ್ದುವು, ಒತ್ತಿದರೆ ಹರಿಯುತ್ತಿದ್ದುವು, ಕೋಶದ ಒಂದು ಕೊನೆಯಲ್ಲಿ ಕರಗಿ ಮತ್ತೊಂದು ಕೊನೆಯಲ್ಲಿ ಕೂಡಿಕೊಳ್ಳುತ್ತಿದ್ದುವು. ಇವೆಲ್ಲ ದ್ರವದ ಲಕ್ಷಣಗಳು. ಸಾರಿನ ಮೇಲೆ ತೇಲುವ ಎಣ್ಣೆಯ ಹನಿಗಳಿಗೆ ಗೋಡೆಯಿಲ್ಲ. ಆದರೂ ಅವು ನೀರಿನಲ್ಲಿ ಬೆರೆತುಹೋಗುವುದಿಲ್ಲ. ಕೋಶದ ಗೋಡೆಯಿಲ್ಲದ ಕೋಣೆಗಳು ನಿಂತಿರುವುದೂ ಇದೇ ರೀತಿಯಲ್ಲಿ ಎಂಬುದು ಅಂದಿನಿಂದ ಸ್ಥಿರಪಡುತ್ತ ಬಂದಿತು. ಒಂದಾಗಿದ್ದ ದ್ರವವು ಹೀಗೆ ದಟ್ಟವಾದ ಹನಿಯೆಂದೂ ತೆಳುವಾದ ಸುತ್ತಿನ ದ್ರವವೆಂದೂ ಎರಡಾಗಿ ಒಡೆದು ನಿಲ್ಲುವುದಕ್ಕೆ ಹನಿಗಟ್ಟುವಿಕೆಯೆಂದು ಕರೆಯಬಹುದು.

ಹನಿಗಟ್ಟುವಿಕೆಯ ನಿಯಮವನ್ನು ತಿಳಿಯುವುದಕ್ಕೆ ಇಬ್ಬನಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ಗಾಳಿಯಲ್ಲಿ ನೀರಿನ ಆವಿಯು ಯಾವಾಗಲೂ ಇದ್ದೇ ಇರುವುದು. ಅದು ಒಂದು ಮಿತಿಗೆ ಒಳಪಟ್ಟಿರುವವರೆಗೆ ಹುಲ್ಲಿನ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಮಾಗಿಯ ರಾತ್ರಿಯಲ್ಲಿ ಗಾಳಿಯು ತಣ್ಣಗಾಗಿ ಆ ಮಿತಿಯು ಇಳಿಯಿತೆಂದರೆ ಹೆಚ್ಚಾದ ಆವಿಯೆಲ್ಲವೂ ಹನಿಯಾಗಿ ಕೂಡುವುದು. ಬಿಸಿಲೇರಿದರೆ ಮತ್ತೆ ಕರಗುವುದು. ಮಿತಿಯ ಈಚೆಗೆ ಏನೂ ಇಲ್ಲ, ಮಿತಿಯ ಆಚೆಗೆ ಎಲ್ಲವೂ ಇದೆ ಎಂಬ ಈ ಥಟ್ಟನೆಯ ಬದಲಾವಣೆಯೇ ಕೋಶಕ್ಕೆ ಬಹು ಉಪಯೋಗವಾದುದು. ಗೋಡೆ ಕಟ್ಟುವುದಕ್ಕೂ ಕೆಡವುವುದಕ್ಕೂ ಕಾಲವೂ ಸಾಮಗ್ರಿಯೂ ಬೇಕು. ಹನಿಯನ್ನು ಕಟ್ಟುವುದಕ್ಕೂ ಕರಗಿಸುವುದಕ್ಕೂ ಕೆಲವು ನಿಮಿಷ ಸಾಕು.

ದಾವಣಿಯ ಹಗ್ಗ

ಪ್ರೋಟೀನು ಬೇಳೆ, ಹಾಲು, ಮೊಟ್ಟೆಗಳಲ್ಲಿರುವ ಪೋಷಕ ಪದಾರ್ಥವೆಂದು ಎಲ್ಲರಿಗೂ ಪರಿಚಿತವಾಗಿದೆ. ಜೀವಕೋಶದಲ್ಲಿ ಕೆಲಸಗಳನ್ನು ಮಾಡತಕ್ಕ ಆಳುಗಳೂ ಪ್ರೋಟೀನುಗಳೇ. ಒಂದು ಕೋಶದಲ್ಲಿ ಇವು ಸಾವಿರಾರು ಜಾತಿಗಳಾಗಿರುವುವು. ಆದರೆ ಹನಿಯನ್ನು ಕಟ್ಟುವ ಶಕ್ತಿಯು ಎಲ್ಲಕ್ಕೂ ಇಲ್ಲ. ಯಾವುದಕ್ಕೆ ಉಂಟು ಎಂಬುದನ್ನು ಅಮೆರಿಕಾದ ಡಲ್ಲಾಸ್ ನಗರದಲ್ಲಿ ಮೈಕೇಲ್ ರೋಸೆನ್ ಮತ್ತು ಅವರ ಸಂಗಡಿಗರು 2012ರಲ್ಲಿ ತೋರಿಸಿಕೊಟ್ಟರು. ಅವರು ಒಂದಕ್ಕೊಂದು ಅಂಟುವ ಎರಡು ಬಗೆಯ ಪ್ರೋಟೀನುಗಳನ್ನು ತೆಗೆದುಕೊಂಡು, ಒಂದೊಂದರಲ್ಲಿಯೂ ಅಂಟುವ ಸ್ಥಾನಗಳ ಸಂಖ್ಯೆಯನ್ನು ಬೇಕುಬೇಕಾದಂತೆ ಬದಲಾಯಿಸಿ ಗಾಜಿನ ಪಾತ್ರೆಯಲ್ಲಿ ಬೆರಸಿ ನೋಡಿದರು. ಒಂದೇ ಸ್ಥಾನವಿದ್ದಾಗ ಜೋಡಿಗಳಾದುವೇ ಹೊರತು ಹನಿ ಕಟ್ಟಲಿಲ್ಲ. ಸ್ಥಾನಗಳು ಹೆಚ್ಚಿದಷ್ಟೂ ಕಡಮೆ ಪದಾರ್ಥದಲ್ಲಿಯೇ ಹನಿಗಳು ಹುಟ್ಟಿದುವು.

ಇದರ ಕಾರಣವನ್ನು ಜಾತ್ರೆಯ ಮಾಳದಲ್ಲಿ ಕಾಣಬಹುದು. ಒಂದೇ ಕುಣಿಕೆಯುಳ್ಳ ಕಣ್ಣಿಯು ಒಂದು ದನವನ್ನು ಒಂದು ಗೂಟಕ್ಕೆ ಕಟ್ಟಬಲ್ಲುದು, ಅಷ್ಟೆ. ಆದರೆ ಹಲವು ಕುಣಿಕೆಗಳುಳ್ಳ ದಾವಣಿಯ ಹಗ್ಗಕ್ಕೆ ಹಲವು ದನಗಳನ್ನು ಕಟ್ಟಬಹುದು. ಒಂದೊಂದು ದನಕ್ಕೂ ಹಲವು ದಾವಣಿಗಳ ಕುಣಿಕೆಗಳನ್ನು ಹಾಕಿದರೆ ಮಂದೆಯೆಲ್ಲವೂ ಒಂದೇ ಜಾಲವಾಗಿ ಕೂಡುವುದು. ಕೋಶದಲ್ಲಿ ಈ ಕುಣಿಕೆಗಳು ಬಿಗಿಯಾದ ಗಂಟುಗಳಲ್ಲ. ಕ್ಷಣಕ್ಷಣಕ್ಕೂ ಬಿಚ್ಚಿಕೊಂಡು ಪಕ್ಕದ ಮತ್ತೊಂದಕ್ಕೆ ಬೀಳುತ್ತಿರುವುವು. ಆದಕಾರಣ ಕೂಟವು ಚೆದರುವುದೂ ಇಲ್ಲ, ಕಲ್ಲಿನಂತೆ ಗಟ್ಟಿಯಾಗುವುದೂ ಇಲ್ಲ, ದ್ರವದಂತೆ ಹರಿಯಬಲ್ಲುದಾಗಿರುವುದು.

ಹೀಗೆ ಹಲವು ಕುಣಿಕೆಗಳನ್ನು ಹೊಂದಿ ಹನಿಯನ್ನು ಕಟ್ಟಿ ನಿಲ್ಲಿಸುವ ಪ್ರೋಟೀನಿಗೆ ಶಾಸ್ತ್ರಜ್ಞರು ಸಾರುವೆಯ ಪ್ರೋಟೀನು ಎಂದು ಹೆಸರಿಟ್ಟಿರುವರು. ಹೆಸರು ಅಷ್ಟೇನೂ ಒಪ್ಪುವಂಥದಲ್ಲ. ಮನೆ ಕಟ್ಟುವವರು ಕೆಲಸ ಮುಗಿದ ಮೇಲೆ ಸಾರುವೆಯನ್ನು ಬಿಚ್ಚಿಹಾಕುವರು. ಇಲ್ಲಿಯಾದರೋ ಸಾರುವೆಯನ್ನು ತೆಗೆದರೆ ಮನೆಯೇ ಇಲ್ಲ. ಹೇಗಿದ್ದರೂ ಹೆಸರು ಬಳಕೆಗೆ ಬಂದುಹೋಗಿದೆ. ತಾವಾಗಿಯೇ ಹನಿ ಕಟ್ಟಲಾರದೆ, ಕಟ್ಟಿದ ಹನಿಯೊಳಗೆ ಬಂದು ಸೇರಿಕೊಳ್ಳುವ ಪ್ರೋಟೀನುಗಳನ್ನು ಆಶ್ರಿತ ಪ್ರೋಟೀನುಗಳೆನ್ನಬಹುದು. ಒಂದು ಹನಿಯಲ್ಲಿ ನೂರು ಬಗೆಯ ಆಶ್ರಿತಗಳಿದ್ದರೂ ಸಾರುವೆಯಾಗಿರುವುವು ಕೆಲವೇ. ಆಶ್ರಿತವನ್ನು ಕಳೆದರೆ ಹನಿಯು ಉಳಿಯುವುದು. ಸಾರುವೆಯನ್ನು ಕಳೆದರೆ ಹನಿಯು ಅಳಿಯುವುದು.

ಈ ಭೇದವನ್ನು ಅದೇ ಡಲ್ಲಾಸ್ ನಗರದವರು 2016ರಲ್ಲಿ ವಿವರವಾಗಿ ಪರೀಕ್ಷಿಸಿ ಮತ್ತೊಂದು ಸಂಗತಿಯನ್ನೂ ಹೊರಗೆಡಹಿದರು. ಎರಡು ಬಗೆಯ ಸಾರುವೆಗಳು ಕೂಡಿ ಕಟ್ಟಿದ ಹನಿಯಲ್ಲಿ, ಯಾವ ಸಾರುವೆಯು ಲೆಕ್ಕಕ್ಕಿಂತ ಹೆಚ್ಚಾಗಿರುವುದೋ ಅದರ ಕುಣಿಕೆಗಳು ಕೆಲವು ಬರಿದಾಗಿ ಉಳಿಯುವುವು. ಆ ಬರಿಯ ಕುಣಿಕೆಗೆ ಬೀಳತಕ್ಕ ಆಶ್ರಿತಗಳು ಒಳಕ್ಕೆ ಸೇರುವುವು. ಮತ್ತೊಂದು ಬಗೆಯವು ಹೊರಗೆ ಉಳಿಯುವುವು. ಎರಡು ಸಾರುವೆಗಳ ಪ್ರಮಾಣವನ್ನು ಸ್ವಲ್ಪ ಏರುಪೇರು ಮಾಡಿದರೆ ಒಳಗಿದ್ದ ಆಶ್ರಿತಗಳು ಹೊರಟು ಹೊರಗಿದ್ದುವು ಬಂದು ತುಂಬಿಕೊಳ್ಳುವುವು. ಅಂದಮೇಲೆ ಹನಿಯು ಕಟ್ಟಬೇಕೇ ಬೇಡವೇ ಎಂಬುದನ್ನು ಮಾತ್ರವಲ್ಲದೆ, ಅದರಲ್ಲಿ ಯಾರಿಗೆ ಎಡೆ, ಯಾರಿಗಿಲ್ಲ ಎಂಬುದನ್ನೂ ಸಾರುವೆಯೇ ನಿಶ್ಚಯಿಸುವುದೆಂದಾಯಿತು. ಸಾರುವೆಯ ಪ್ರಮಾಣವನ್ನು ಹೆಚ್ಚಿಸಿ, ತಗ್ಗಿಸಿ, ಅದರ ಮೈಗೆ ರಂಜಕದ ಅಣುಗುಂಪನ್ನು ಅಂಟಿಸಿ ಅಥವಾ ಬಿಡಿಸಿ, ಕೋಶವು ತನ್ನ ಹನಿಗಳನ್ನು ಆಳುವುದು. ಹೊಲಕ್ಕೆ ಗೊಬ್ಬರದ ಮೂಲಕ ಹಾಕುವ ರಂಜಕವು ಗಿಡದಲ್ಲಿ ಮಾಡತಕ್ಕ ಹಲವು ಕೆಲಸಗಳಲ್ಲಿ ಇಂಥದೂ ಒಂದು.

ಬತ್ತದ ನಷ್ಟ, ಪಾಚಿಯ ಉಪಾಯ

ಎಲೆಯು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು, ಎಂದರೆ ಕಾರ್ಬನ್ ಡೈ ಆಕ್ಸೈಡನ್ನು, ಹಿಡಿದು ಸಕ್ಕರೆಯನ್ನು ಮಾಡುವುದು. ಹಿಡಿಯುವ ಕೆಲಸವನ್ನು ಮಾಡತಕ್ಕದ್ದು ರುಬಿಸ್ಕೊ ಎಂಬ ಪ್ರೋಟೀನು. ಈ ಆಳಿಗೆ ಎರಡು ದೋಷಗಳಿವೆ. ಮೊದಲನೆಯದಾಗಿ ಅದು ಬಹಳ ನಿಧಾನ; ಗಿಡಗಳಲ್ಲಿ ಒಂದೊಂದು ಕೆಲಸದ ಸ್ಥಾನವೂ ಒಂದು ಸೆಕೆಂಡಿಗೆ ಸುಮಾರು ಮೂರು ಅಣುಗಳನ್ನು ಮಾತ್ರ ಹಿಡಿಯಬಲ್ಲುದು. ಎರಡನೆಯದಾಗಿ ಅದು ಇಂಗಾಲಾಮ್ಲ ವಾಯುವೆಂದು ತಪ್ಪು ತಿಳಿದು ಆಮ್ಲಜನಕವನ್ನು ಹಿಡಿದುಬಿಡುವುದು. ಬೇಸಗೆಯ ಹಿತವಾದ ಹವೆಯಲ್ಲಿಯೇ ಸುಮಾರು ನಾಲ್ಕು ಸಾರಿಗೆ ಒಂದು ಸಾರಿ ಹೀಗಾಗುವುದು. ಶೆಖೆ ಹೆಚ್ಚಿದಂತೆ ತಪ್ಪೂ ಹೆಚ್ಚುವುದು. ಹಾಗೆ ತಪ್ಪಿ ಹಿಡಿದುದನ್ನು ಸರಿಪಡಿಸುವುದಕ್ಕಾಗಿ ಗಿಡವು ಹಿಂದೆ ಸಂಪಾದಿಸಿದ್ದ ಇಂಗಾಲದಲ್ಲಿ ಒಂದು ಪಾಲನ್ನು ಕಳೆದುಕೊಳ್ಳಬೇಕಾಗುವುದು. ಆಳು ನಿಧಾನವಾದುದರಿಂದ ಗಿಡವು ಆಳುಗಳ ಸಂಖ್ಯೆಯನ್ನೇ ಹೆಚ್ಚಿಸಿಕೊಂಡಿದೆ. ಬತ್ತದಂಥ ಪೈರುಗಳ ಎಲೆಯಲ್ಲಿ ಕರಗತಕ್ಕ ಪ್ರೋಟೀನಿನ ಅರ್ಧದವರೆಗೂ ಇದೊಂದೇ ಇರುವುದುಂಟು. ರೈತನು ಹಣ ಕೊಟ್ಟು ತಂದು ಗದ್ದೆಗೆ ಎರಚುವ ಯೂರಿಯಾದ ಸಾರಜನಕದಲ್ಲಿ ಗಣ್ಯವಾದ ಅಂಶವು ಹೀಗೆ ಈ ನಿಧಾನವಾದ, ತಪ್ಪು ಮಾಡುವ ಆಳಿನ ಮೈಗಟ್ಟಿಗೇ ಹೋಗುವುದು.

ಬತ್ತ, ಗೋಧಿ, ಕಡಲೆಕಾಯಿ, ತೊಗರಿ, ಹತ್ತಿ ಇವೆಲ್ಲವೂ ಈ ನಷ್ಟಕ್ಕೆ ಗುರಿಯಾದ ಬೆಳೆಗಳು. ರಾಗಿ, ಜೋಳ, ಮುಸುಕಿನ ಜೋಳ, ಕಬ್ಬು ಇವು ಹಾಗಲ್ಲ. ಇವುಗಳ ಎಲೆಯಲ್ಲಿ ಎರಡು ಬಗೆಯ ಕೋಶಗಳಿದ್ದು, ಹೊರಗಿನ ಕೋಶಗಳು ಇಂಗಾಲಾಮ್ಲವನ್ನು ಹಿಡಿದು ಒಳಗಿನ ಕೋಶಗಳಿಗೆ ತುಂಬಿಕೊಡುವುವು. ರುಬಿಸ್ಕೊ ಇರುವ ಒಳಗಿನ ಕೋಶದಲ್ಲಿ ಇಂಗಾಲಾಮ್ಲವೇ ದಟ್ಟವಾಗಿರುವುದರಿಂದ ತಪ್ಪಿಗೆ ಅವಕಾಶವು ಕಡಮೆ. ಬಿಸಿಲಿನ ಬಯಲುಸೀಮೆಯಲ್ಲಿ ರಾಗಿಯೂ ಜೋಳವೂ ಅಲ್ಪ ನೀರಿನಲ್ಲಿ ತಾಳಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಆದರೆ ಎಲೆಯ ರಚನೆಯನ್ನೇ ಹೀಗೆ ಬದಲಾಯಿಸಿ ಬತ್ತಕ್ಕೆ ತರುವುದು ಬಹಳ ಕಷ್ಟವಾದ ಕಾರ್ಯ.

ಪಾಚಿಯ ಉಪಾಯವು ಇದಕ್ಕಿಂತ ಸರಳವಾದುದು. ಕ್ಲಾಮಿಡೊಮೊನಾಸ್ ಎಂಬ ಈ ಪಾಚಿಯು ಒಂದೇ ಕೋಶದ ಜೀವಿ. ಒಂದು ಅಂಗುಲದ ಉದ್ದದಲ್ಲಿ ಸುಮಾರು 2,500 ಜೀವಿಗಳನ್ನು ಸಾಲಾಗಿ ನಿಲ್ಲಿಸಬಹುದು. ಅದರ ಹರಿತ್ಕಣದಲ್ಲಿ ಪೈರಿನಾಯಿಡೆಂಬ ಒಂದು ಗುಂಡನೆಯ ಭಾಗವಿದೆ. ಸುತ್ತಲೂ ಪಿಷ್ಟದ ಕವಚವಿದ್ದರೂ ಅದಕ್ಕೆ ಪೊರೆಯಿಲ್ಲ. ಪಾಚಿಯ ರುಬಿಸ್ಕೊವಿನ ಬಹುಭಾಗವು ಈ ಗುಂಡಿನಲ್ಲಿಯೇ ಒತ್ತೊತ್ತಾಗಿ ಸೇರಿಕೊಂಡಿರುವುದು. ಇಂಗಾಲಾಮ್ಲವನ್ನು ಸಣ್ಣ ನಾಳಗಳ ಮೂಲಕ ನೇರವಾಗಿ ಅಲ್ಲಿಗೇ ಹರಿಸಲಾಗುವುದು. ಹೊಲದ ತುಂಬ ಚೆದರಿದ ಆಳುಗಳಿಗೆ ಬುತ್ತಿಯನ್ನು ಹಂಚುವುದಕ್ಕಿಂತ ಎಲ್ಲರನ್ನೂ ಒಂದು ಕಣದಲ್ಲಿ ಕೂಡಿಸಿ ಅಲ್ಲಿಗೇ ಬುತ್ತಿಯನ್ನು ಹೊತ್ತು ತಂದರೆ ಎಷ್ಟು ಅನುಕೂಲವೋ ಇಲ್ಲಿಯೂ ಅಷ್ಟೇ ಅನುಕೂಲ. ಭೂಮಂಡಲದಲ್ಲಿ ಸಸ್ಯಜಾತಿಗಳು ಹಿಡಿಯುವ ಇಂಗಾಲದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಪಾಚಿಗಳ ಪೈರಿನಾಯಿಡುಗಳಲ್ಲಿಯೇ ಹಿಡಿಯಲ್ಪಡುವುದೆಂದು ಅಂದಾಜು ಮಾಡಿದ್ದಾರೆ.

ರುಬಿಸ್ಕೊವನ್ನು ಅಲ್ಲಿ ಕೂಡಿಸಿದವರು ಯಾರು? 2016ರಲ್ಲಿ ಅಮೆರಿಕಾದ ಮಾರ್ಟಿನ್ ಜೋನಿಕಸ್ ಎಂಬುವರ ಪ್ರಯೋಗಶಾಲೆಯಲ್ಲಿ ಎಪಿಕ್-1 ಎಂಬ ಪ್ರೋಟೀನು ಇದಕ್ಕೆ ಕಾರಣವೆಂದು ಗೊತ್ತಾಯಿತು. ಅದಿಲ್ಲದ ಪಾಚಿಯಲ್ಲಿ ರುಬಿಸ್ಕೊ ಒಂದೆಡೆ ಸೇರದೆ ಹರಿತ್ಕಣದ ತುಂಬ ಚೆದರಿತ್ತು. ಅಂಥ ಪಾಚಿಯು ಸಾಮಾನ್ಯವಾದ ಗಾಳಿಯಲ್ಲಿ ಸೊರಗಿತು. ಇಂಗಾಲಾಮ್ಲವನ್ನು ಹೆಚ್ಚಾಗಿ ಬೆರಸಿದ ಗಾಳಿಯಲ್ಲಿ ಚೆನ್ನಾಗಿ ಬೆಳೆಯಿತು. ಸಾರುವೆಯ ಬೆಲೆಯೇನೆಂಬುದು ಈ ಒಂದು ಪರೀಕ್ಷೆಯಿಂದಲೇ ಸ್ಪಷ್ಟವಾಗುವುದು. ಮರುವರ್ಷ, ಎಂದರೆ 2017ರಲ್ಲಿ, ಪೈರಿನಾಯಿಡು ಗಟ್ಟಿಯಾದ ಹರಳಲ್ಲ, ದ್ರವದಂಥ ಹನಿಯೆಂದು ತೋರಿಬಂತು. ಪಾಚಿಯ ಕೋಶವು ಎರಡಾಗಿ ಒಡೆಯುವಾಗ ಆ ಹನಿಯೂ ಎರಡಾಗಿ ಹಿಸಿದು ಮಕ್ಕಳಿಬ್ಬರಿಗೂ ಪಾಲಾಗುವುದು. ಅದರ ಕೆಲವಂಶವು ಕರಗಿಹೋಗಿ ಆಮೇಲೆ ಮತ್ತೆ ಕೂಡುವುದು. 2018ರಲ್ಲಿ ಸಿಂಗಪುರದ ನಾನ್ಯಾಂಗ್ ವಿಶ್ವವಿದ್ಯಾನಿಲಯದವರು ಶುದ್ಧಪಡಿಸಿದ ರುಬಿಸ್ಕೊವನ್ನೂ ಎಪಿಕ್-1ನ್ನೂ ಗಾಜಿನ ಕೊಳವೆಯಲ್ಲಿ ಬೆರಸಿದರು. ತಿಳಿಯಾಗಿದ್ದ ದ್ರವವು ಕದಡಿ ಹನಿಗಳಿಂದ ತುಂಬಿತು. ಹನಿಯನ್ನು ಕಟ್ಟುವುದಕ್ಕೆ ಈ ಎರಡಲ್ಲದೆ ಮೂರನೆಯದು ಬೇಕಾಗಿರಲಿಲ್ಲ.

ದಾವಣಿಯ ಲೆಕ್ಕವು ಇಲ್ಲಿ ಅಚ್ಚುಕಟ್ಟಾಗಿ ಕೂಡಿಬರುವುದು. ಎಪಿಕ್-1 ಒಂದು ಸಡಿಲವಾದ ಉದ್ದನೆಯ ಎಳೆ. ಅದರಲ್ಲಿ ಸಮದೂರದಲ್ಲಿ ಐದು ಅಂಟುವ ಸ್ಥಾನಗಳಿರುವುದಾಗಿ 2020ರಲ್ಲಿ ನಿರ್ಧರವಾಯಿತು. ರುಬಿಸ್ಕೊವಿನಲ್ಲಿ ಎಂಟು ಚಿಕ್ಕ ಭಾಗಗಳಿದ್ದು ಒಂದೊಂದಕ್ಕೂ ಒಂದು ಕುಣಿಕೆ ಬೀಳಬಹುದು. ಐದು ಮತ್ತು ಎಂಟು ಒಂದಕ್ಕೊಂದು ಸಮನಾಗಿ ಭಾಗವಾಗುವ ಸಂಖ್ಯೆಗಳಲ್ಲವೆಂಬುದನ್ನು ಗಮನಿಸಬೇಕು. ಒಂದು ವೇಳೆ ಎಳೆಯಲ್ಲಿ ನಾಲ್ಕೇ ಕುಣಿಕೆಗಳಿದ್ದರೆ, ಎರಡು ಎಳೆಗಳು ಒಂದು ರುಬಿಸ್ಕೊವಿನ ಎಂಟು ಸ್ಥಾನಗಳನ್ನೂ ತುಂಬಿ ಅಲ್ಲಿಗೇ ಲೆಕ್ಕ ಮುಗಿಯಬಹುದು. ಹೀಗೆ ತಮ್ಮೊಳಗೇ ತೃಪ್ತಿಪಟ್ಟ ಸಣ್ಣ ಕಟ್ಟುಗಳು ನೆರೆಯವರೊಡನೆ ಸೇರುವುದಿಲ್ಲವಾದುದರಿಂದ ಹನಿಯು ಕರಗುವ ಕಡೆಗೆ ವಾಲುವುದೆಂದು 2017ರಲ್ಲಿ ಗಣಕಯಂತ್ರದ ಲೆಕ್ಕದಿಂದ ತೋರಿಸಿದ್ದರು. ಕುಣಿಕೆಯೊಂದು ಹೆಚ್ಚು ಕಡಮೆಯಾದರೆ ಬರಿಯ ಕುಣಿಕೆಗಳು ಯಾವಾಗಲೂ ಉಳಿದು ನೆರೆಯವರನ್ನು ಹಿಡಿಯುತ್ತಲೇ ಇರುವುವು. ಆಗ ಹನಿಯು ನಿಲ್ಲುವುದು. ಪೂರ್ತಿಯಾಗಿ ತೃಪ್ತಿಪಟ್ಟವರಿಂದ ಕೂಟವು ನಿಲ್ಲುವುದಿಲ್ಲವೆಂಬ ಈ ನ್ಯಾಯವು ವಿಚಿತ್ರವಾಗಿ ತೋರಬಹುದು. ಆದರೆ ಲೆಕ್ಕವು ಹಾಗೆಯೇ ಇದೆ.

ಇತರ ಪಾಚಿಗಳಲ್ಲಿ ಸಾರುವೆಯು ಬೇರೆ. ಸಮುದ್ರದ ಡಯಾಟಮೆಂಬ ಪಾಚಿಯೊಂದರಲ್ಲಿ ಪೈಕೊ-1 ಎಂಬ ಮತ್ತೊಂದು ಪ್ರೋಟೀನು ಇದೇ ಕೆಲಸವನ್ನು ಮಾಡುವುದೆಂದು 2023ರಲ್ಲಿ ತಿಳಿದುಬಂತು. ಇವೆರಡಕ್ಕೂ ನಂಟಿಲ್ಲ, ಉಪಾಯ ಮಾತ್ರ ಒಂದೇ. ನೆಲದ ಮೇಲಿನ ಸಸ್ಯಗಳಲ್ಲಿ ಹಾವಸೆಗೆ ಹತ್ತಿರದ ಹಾರ್ನ್‌ವರ್ಟ್ ಎಂಬ ಒಂದು ಗುಂಪಿಗೆ ಮಾತ್ರ ಪೈರಿನಾಯಿಡು ಇದೆ. ಬತ್ತಕ್ಕೆ ಇಲ್ಲ.

ಹಾಗಾದರೆ ಅದನ್ನು ಪೈರಿಗೆ ತರಬಹುದೇ ಎಂಬುದು ಜಮೀನುದಾರರಿಗೆ ಮುಖ್ಯವಾದ ಪ್ರಶ್ನೆ. 2020ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯದವರು ಈ ಕಾರ್ಯದ ಮೊದಲನೆಯ ಮೆಟ್ಟಲನ್ನು ಹತ್ತಿದರು. ಸಾಸುವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡಕ್ಕೆ ಪಾಚಿಯ ಎಪಿಕ್-1ನ್ನೂ, ಅದರ ಕುಣಿಕೆಗೆ ಬೀಳಬಲ್ಲ ಪಾಚಿಯ ರುಬಿಸ್ಕೊವಿನ ಚಿಕ್ಕ ಭಾಗವನ್ನೂ ಕೂಡಿಸಿದರು. ಆ ಗಿಡದ ಹರಿತ್ಕಣಗಳಲ್ಲಿ ರುಬಿಸ್ಕೊ ಚೆದರದೆ ಹನಿಯಾಗಿ ಕೂಡಿತು. ಗಿಡಕ್ಕೆ ಇದರಿಂದ ಕೇಡಾಗಲಿಲ್ಲ. ಆದರೆ ಬೆಳವಣಿಗೆಯು ಹೆಚ್ಚಲೂ ಇಲ್ಲ. ಹೆಚ್ಚದಿರುವುದು ಆಶ್ಚರ್ಯವಲ್ಲ. ಆಳುಗಳು ಕಣದಲ್ಲಿ ಕೂಡಿದರು. ಬುತ್ತಿಯು ಇನ್ನೂ ಬರಲಿಲ್ಲ. ಇಂಗಾಲಾಮ್ಲವನ್ನು ಹನಿಗೆ ತುಂಬತಕ್ಕ ವ್ಯವಸ್ಥೆಯೂ, ತುಂಬಿದುದು ಸೋರಿಹೋಗದಂತೆ ತಡೆಯತಕ್ಕ ಕವಚವೂ ಇರಲೇಬೇಕೆಂದು 2022ರಲ್ಲಿ ಪ್ರಕಟವಾದ ವಿವರವಾದ ಲೆಕ್ಕಾಚಾರದಿಂದ ಗೊತ್ತಾಗಿದೆ. ಆದಕಾರಣ ಪೈರಿನಾಯಿಡುಳ್ಳ ಬತ್ತದ ಬೀಜವು ದೊರೆಯುವುದೆಂದು ಯಾರಾದರೂ ಹೇಳಿಕೊಂಡು ಬಂದರೆ ಅದನ್ನು ನಂಬಿ ಹಣ ಕೊಡತಕ್ಕದ್ದಲ್ಲ. ಅಂಥ ಬೀಜವು ಯಾವ ದೇಶದ ಮಾರುಕಟ್ಟೆಯಲ್ಲಿಯೂ ಇಲ್ಲ.

ಹನಿಯಿಂದ ಕೇಡು

ಹನಿಗಟ್ಟುವಿಕೆಯು ಯಾವಾಗಲೂ ಹಿತವನ್ನೇ ಮಾಡುವುದೆಂದು ತಿಳಿಯಬಾರದು. ಹಾಲು ಮೊಸರಾದಂತೆ ಕೆಲವು ಹನಿಗಳು ಕಾಲಕ್ರಮದಲ್ಲಿ ಗಟ್ಟಿಯಾಗಿ ಮತ್ತೆ ಕರಗದೆ ಹೋಗುವುದುಂಟು. ಮನುಷ್ಯರ ಒಂದು ಬಗೆಯ ನರದೌರ್ಬಲ್ಯದ ರೋಗಕ್ಕೆ ಸಂಬಂಧಪಟ್ಟ ಫಸ್ ಎಂಬ ಪ್ರೋಟೀನಿನ ಹನಿಗಳು ಹೀಗಾಗುವುದನ್ನು 2015ರಲ್ಲಿ ಕಂಡಿರುವರು.

ವಿಷಾಣುಗಳು ಈ ಉಪಾಯವನ್ನು ತಮ್ಮ ಸ್ವಾರ್ಥಕ್ಕೆ ಬಳಸಿಕೊಳ್ಳುವುವು. ಹುಚ್ಚುನಾಯಿಯ ಕಡಿತದಿಂದ ದನಗಳಿಗೂ ಮನುಷ್ಯರಿಗೂ ಬರುವ ರೇಬೀಸ್ ರೋಗದಲ್ಲಿ, ಮಿದುಳಿನ ಕೋಶಗಳೊಳಗೆ ಗುಂಡನೆಯ ಚುಕ್ಕೆಗಳನ್ನು ಇಟಲಿಯ ಅಡೆಲ್ಕಿ ನೆಗ್ರಿ ಎಂಬ ವೈದ್ಯನು 1903ರಲ್ಲಿ ಕಂಡುಹಿಡಿದನು. ಬಹುಕಾಲ ಆ ಚುಕ್ಕೆಗಳನ್ನು ರೋಗದ ಗುರುತಾಗಿ ಮಾತ್ರ ಉಪಯೋಗಿಸುತ್ತಿದ್ದರು. ಅವು ದ್ರವದ ಹನಿಗಳೆಂದೂ, ವಿಷಾಣುವು ತನ್ನ ಸಂತಾನವನ್ನು ಹೆಚ್ಚಿಸಿಕೊಳ್ಳತಕ್ಕ ಕಾರ್ಖಾನೆಗಳೆಂದೂ 2017ರಲ್ಲಿ ಫ್ರಾನ್ಸ್ ದೇಶದವರು ತೋರಿಸಿದರು. ವಿಷಾಣುವಿನ ಪ್ರೋಟೀನುಗಳ ಪೈಕಿ ಎನ್ ಮತ್ತು ಪಿ ಎಂಬ ಎರಡನ್ನು ಕೋಶದಲ್ಲಿ ಉಂಟುಮಾಡಿದರೆ ಸಾಕು, ಅಂಥ ಹನಿಗಳು ಕಟ್ಟುವುವು. ಸಾರುವೆಗಳು ಅವೇ. ಇಲ್ಲಿಯೂ ಸಾರುವೆಯನ್ನು ಕೆಡಿಸಿದರೆ ಕಾರ್ಖಾನೆಯು ಮುಚ್ಚುವುದೆಂಬ ಆಸೆಯುಂಟು. ಆದರೆ ಆ ದಾರಿಯಿಂದ ಮದ್ದು ಇನ್ನೂ ಸಿದ್ಧವಾಗಿಲ್ಲ. ಕಚ್ಚಿದ ಗಾಯವನ್ನು ಕೂಡಲೇ ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಿಕೊಳ್ಳುವುದೊಂದೇ ಉಪಾಯ.

ಶೆಖೆಯೂ ಮಳೆಯೂ

ಪಾಚಿಯ ಹನಿಯು ಕೆಲಸದ ಮನೆ. ಆದರೆ ಹನಿಯು ಬೀಗ ಹಾಕಿದ ಕೋಣೆಯೂ ಆಗಬಹುದು. ಅರಾಬಿಡಾಪ್ಸಿಸ್ ಗಿಡದಲ್ಲಿ ಇ.ಎಲ್.ಎಫ್-3 ಎಂಬ ಪ್ರೋಟೀನು ಬೆಳವಣಿಗೆಯನ್ನೂ ಹೂ ಬಿಡುವುದನ್ನೂ ತಡೆದು ಹಿಡಿಯುವುದು. ಹವೆಯು ಬಿಸಿಯಾದಾಗ ಅದು ಹನಿಗಳಾಗಿ ಕೂಡಿ ತನ್ನ ಕೆಲಸವನ್ನು ಬಿಟ್ಟು ನಿಲ್ಲುವುದು; ತಡೆಯು ತಪ್ಪಿದುದರಿಂದ ಗಿಡವು ಬೇಗ ಉದ್ದವಾಗಿ ಬೇಗ ಹೂ ಬಿಡುವುದು. ಹವೆಯು ತಂಪಾದರೆ ಹನಿಗಳು ಕರಗಿ ತಡೆಯು ಮತ್ತೆ ಬರುವುದು. ಈ ಸಂಗತಿಯು 2020ರಲ್ಲಿ ಪ್ರಕಟವಾಯಿತು. ಹೆಚ್ಚು ಶೆಖೆಯ ದೇಶಗಳ ಕೆಲವು ಸಸ್ಯಗಳಲ್ಲಿ ಈ ಪ್ರೋಟೀನಿನ ಹನಿಗಟ್ಟುವ ಭಾಗವೇ ಇಲ್ಲವೆಂದೂ, ಆದುದರಿಂದ ಶೆಖೆಯಲ್ಲಿಯೂ ಅವುಗಳ ತಡೆಯು ಸಡಿಲವಾಗುವುದಿಲ್ಲವೆಂದೂ ಅದೇ ಪರೀಕ್ಷೆಯಿಂದ ತಿಳಿಯಿತು.

ಬೀಜದ ಸಂಗತಿಯು ಮಳೆಯನ್ನೇ ನಂಬಿದ ಬೇಸಾಯಗಾರರಿಗೆ ಇನ್ನೂ ಹತ್ತಿರವಾದುದು. ಮುಂಗಾರಿನ ಮೊದಲ ಹದಮಳೆಗೆ ಬಿತ್ತಿ, ಬೀಜವು ಮೊಳೆತ ಮೇಲೆ ಹದಿನೈದು ದಿನ ಮಳೆಯು ಹಿಂದೆಗೆದು ಮೊಳಕೆಯೆಲ್ಲ ಒಣಗಿದುದನ್ನು ನೋಡದ ಊರು ಇರಲಾರದು. ಒಮ್ಮೆ ಮೊಳೆತ ಬೀಜವು ಮತ್ತೆ ಬೀಜವಾಗಲಾರದು. ಆದಕಾರಣ ಇರುವ ತೇವವು ಸಾಕೋ ಸಾಲದೋ ಎಂಬುದನ್ನು ಬೀಜವು ಮೊದಲೇ ಅಳೆದುಕೊಳ್ಳಬೇಕು. ಅಳೆಯುವುದು ಹೇಗೆಂಬುದಕ್ಕೆ ಒಂದು ಉತ್ತರವು 2021ರಲ್ಲಿ ದೊರೆಯಿತು. ಅರಾಬಿಡಾಪ್ಸಿಸ್ ಬೀಜದಲ್ಲಿ ಫ್ಲೋ-1 ಎಂಬ ಪ್ರೋಟೀನು ಇದೆ. ಒಣಗಿದ ಬೀಜದಲ್ಲಿ ಅದು ಎಲ್ಲೆಡೆಯೂ ಹರಡಿರುವುದು. ಬೀಜವು ನೀರನ್ನು ಕುಡಿದೊಡನೆ ಅದು ಹನಿಗಳಾಗಿ ಕೂಡುವುದು; ಒಣಗಿಸಿದರೆ ಹನಿಯು ಕರಗುವುದು, ನೆನಸಿದರೆ ಮತ್ತೆ ಕಟ್ಟುವುದು. ಇಬ್ಬನಿಯು ನೀರಿನಿಂದ ಕಟ್ಟುವಂತೆ ಇದು ನೀರು ಸಿಕ್ಕಿದುದಕ್ಕೆ ಗುರುತಾಗಿ ಕಟ್ಟುವ ಹನಿ.

ಫ್ಲೋ-1ನ್ನು ಕಳೆದುಕೊಂಡ ಬೀಜಗಳು ಒಳ್ಳೆಯ ತೇವದಲ್ಲಿ ಇತರ ಬೀಜಗಳಂತೆಯೇ ಮೊಳೆತವು. ಭೇದವು ಕಂಡುಬಂದದ್ದು ನೀರು ಸಾಲದಾಗ ಮತ್ತು ನೀರಿನಲ್ಲಿ ಉಪ್ಪು ಹೆಚ್ಚಾಗಿದ್ದಾಗ. ಇತರ ಬೀಜಗಳು ಕಾದು ಕುಳಿತಿರುವ ಅಂಥ ಸ್ಥಿತಿಯಲ್ಲಿಯೂ ಫ್ಲೋ-1 ಇಲ್ಲದ ಬೀಜಗಳು ಹೆಚ್ಚಾಗಿ ಮೊಳೆತವು. ಅಂದಮೇಲೆ ಕಾದು ಕುಳಿತಿರು ಎಂದು ಬೀಜಕ್ಕೆ ಹೇಳತಕ್ಕದ್ದು ಈ ಪ್ರೋಟೀನು ಎಂದಾಯಿತು. ಅದರ ಎಳೆಯಲ್ಲಿ ಒಂದೊಂದು ಭಾಗವನ್ನು ಕತ್ತರಿಸಿ ನೋಡಿದಾಗ, ಒಂದು ಭಾಗವು ಹೋದರೆ ಹನಿಯೇ ಕಟ್ಟದೆಯೂ, ಮತ್ತೊಂದು ಭಾಗವು ಹೋದರೆ ಹನಿಯು ಅತಿ ದೊಡ್ಡದಾಗಿ ಗಟ್ಟಿಯಾಗಿಯೂ ಆದದ್ದು ಕಂಡಿತು. ಹನಿಯ ಹದವು ಹೀಗೆ ಬದಲಾದಂತೆ ಬೀಜದ ಎಚ್ಚರಿಕೆಯೂ ಬದಲಾಯಿತು. ಕಾಡುಮೇಡುಗಳಲ್ಲಿ ತಾವಾಗಿಯೇ ಬೆಳೆಯುವ ಇದೇ ಗಿಡದ ತಳಿಗಳಲ್ಲಿಯೂ ಈ ಪ್ರೋಟೀನು ಒಂದೇ ಪ್ರಕಾರವಾಗಿಲ್ಲ. ಸಾಹಸ ಮಾಡಿ ಬೇಗ ಮೊಳೆಯುವ ತಳಿಗಳೂ, ಅನುಮಾನಪಟ್ಟು ತಡವಾಗಿ ಮೊಳೆಯುವ ತಳಿಗಳೂ ಉಂಟು. ಆಯಾ ಸ್ಥಳದ ಹವೆಗೆ ತಕ್ಕಂತೆ ಈ ಭೇದವು ನೆಲೆಗೊಂಡಿರುವುದೆಂದು ಪರೀಕ್ಷಕರು ಕಂಡಿರುವರು.

ಬರಗಾಲವನ್ನು ತಾಳತಕ್ಕ ತಳಿಗಳನ್ನು ಹುಡುಕುವವರು ಇನ್ನು ಮುಂದೆ ಬೇರು, ಎಲೆ, ಕಾಳುಗಳ ಜೊತೆಗೆ ಬೀಜದೊಳಗಿನ ಈ ಹನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದೆಂದು ಆ ಪರೀಕ್ಷಕರೇ ಸೂಚಿಸಿರುತ್ತಾರೆ. ಫ್ಲೋ-1ಕ್ಕೆ ಸಂಬಂಧಪಟ್ಟ ಪ್ರೋಟೀನುಗಳು ಇತರ ಸಸ್ಯಜಾತಿಗಳಲ್ಲಿಯೂ ಇವೆ. ಅವು ಹನಿ ಕಟ್ಟುವ ರೀತಿಯು ಜಾತಿಯಿಂದ ಜಾತಿಗೆ ಬೇರೆಯಾಗಿದೆ.